ನಾಯಕನಿಗೆ ಒಳ್ಳೆಯ ಗುಣ ಬೇಕೇ ಬೇಕಾ? ಪರ ಮತ್ತು ವಿರೋಧ

ಒಬ್ಬರ ಕೈಗೆ ಹತ್ತು ಜನರ ಅಥವಾ ಹತ್ತು ಕೋಟಿ ಜನರ ಹೊಣೆ ಕೊಡುವಾಗ ಅವರ ಸ್ವಂತ ಗುಣನಡತೆ ನೋಡಬೇಕಾ? ಕೆಲಸ ಮಾಡಿಸೋ ತಾಕತ್ತು ಇದ್ದರೆ ಸಾಕಾ? ಈ ಜಗಳ ಶುರುವಾದರೆ ಸಾಮಾನ್ಯವಾಗಿ ಇಬ್ಬರೂ ಎದುರಿನವರ ದುರ್ಬಲ ಮಾತನ್ನೇ ಹಿಡಿದು ಎಳೆದಾಡುತ್ತಾರೆ. ಹಾಗಾಗಬಾರದು ಅಂತ ಎರಡೂ ವಾದಗಳನ್ನು ಅವುಗಳ ಪೂರ್ತಿ ಬಲದಲ್ಲೇ ಬರೆಯಲು ನೋಡಿದ್ದೇನೆ. ಎರಡನೆಯದು ಮೊದಲನೆಯದಕ್ಕೆ ಉತ್ತರ ಕೊಡುತ್ತಾ ಹೋಗುತ್ತದೆ, ಆದ್ದರಿಂದ ಅದಕ್ಕೆ ಅನುಕೂಲ ಸ್ವಲ್ಪ ಜಾಸ್ತಿ. ಓದುವಾಗ ಅದು ನೆನಪಿರಲಿ.

ಪರ: ಗುಣ ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಉಪಯೋಗವಿಲ್ಲ

ಗುಣ ಅಂದ ತಕ್ಷಣ ಜನ ಅವರು ಕುಡಿಯುತ್ತಾರಾ, ಸೇದುತ್ತಾರಾ, ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳಲು ಶುರುಮಾಡುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ಕೊಟ್ಟ ಮಾತಿಗೆ ನಿಲ್ಲುತ್ತಾರಾ? ಕೆಲಸ ಕೆಟ್ಟಾಗ ತಪ್ಪು ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಾರಾ, ಇಲ್ಲ ಕೆಳಗಿನವರ ಮೇಲೆ ಜಾರಿಸುತ್ತಾರಾ? ಕಹಿ ಸುದ್ದಿ ತಂದವರ ಮೇಲೆ ಎಗರಾಡದೆ ಕೇಳಿಸಿಕೊಳ್ಳುತ್ತಾರಾ? ಇಷ್ಟೇ. ಇದು ಇದ್ದರೆ ಒಳ್ಳೆಯದು ಅಂತ ಎಲ್ಲರೂ ಒಪ್ಪುತ್ತಾರೆ. ನನ್ನ ಮಾತು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಇದು ಇಲ್ಲದೆ ನಾಯಕನ ಕೆಲಸವೇ ನಡೆಯುವುದಿಲ್ಲ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಮೇಲೇರಿತು. ಮೊದಲ ಹಂತ ಸರಿಯಾಗಿ ಹೋಯಿತು, ಎರಡನೇ ಹಂತದಲ್ಲಿ ಹಿಡಿತ ತಪ್ಪಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಹಾರಿಸುವ ಮುಂಚೆ ಕಂಪ್ಯೂಟರ್ ತಡೆ ಹಾಕಿತ್ತು. ಅದನ್ನು ಮೀರಿ ಹಾರಿಸೋಣ ಅಂದದ್ದು ತಾನೇ ಅಂತ ಯೋಜನೆಯ ಹೊಣೆ ಹೊತ್ತಿದ್ದ ಅಬ್ದುಲ್ ಕಲಾಂ ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ಅಂದರೆ ಬಲಿಪಶು ಸಿದ್ಧವಾಗಿಯೇ ಇತ್ತು. ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಪತ್ರಕರ್ತರ ಮುಂದೆ ಹೋದಾಗ ಕಲಾಂ ಹೆಸರು ಮುಂದೆ ಮಾಡಲಿಲ್ಲ. ಸೋಲಿನ ಹೊಣೆ ತಾವೇ ಹೊತ್ತರು, ತಂಡದ ಮೇಲೆ ತಮಗೆ ನಂಬಿಕೆಯಿದೆ ಅಂದರು. 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಹಿಂದೆ ಸರಿದು, ಪತ್ರಿಕಾಗೋಷ್ಠಿ ನೀವೇ ನಡೆಸಿ ಅಂತ ಕಲಾಂ ಅವರನ್ನು ಕಳಿಸಿದರು.

ಈ ಕಥೆಯನ್ನು ಎಲ್ಲರೂ ಕಣ್ಣು ತುಂಬಿಕೊಂಡು ಹೇಳುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ನಡುವಿನ ಹನ್ನೊಂದು ತಿಂಗಳು. ರಾಕೆಟ್ ಯಾಕೆ ಬಿತ್ತು ಅಂತ ಹುಡುಕಬೇಕಾದರೆ ಅದನ್ನು ಕಟ್ಟಿದವರೇ ಬಾಯಿ ಬಿಡಬೇಕು. ಎಲ್ಲಿ ಸೋರಿತು, ಯಾರು ನೋಡಿದರು, ನೋಡಿಯೂ ಯಾಕೆ ಸುಮ್ಮನಿದ್ದರು ಅನ್ನೋದು ಹೊರಗೆ ಬರಬೇಕು. ಮೇಲಿನವರು ಬಲಿಪಶು ಹುಡುಕುತ್ತಿದ್ದರೆ ಒಬ್ಬನೂ ಬಾಯಿ ಬಿಡಲ್ಲ, ಎಲ್ಲರೂ ತಮ್ಮ ತಮ್ಮ ಫೈಲ್ ಭದ್ರ ಮಾಡಿಕೊಳ್ಳುತ್ತಾರೆ. ಧವನ್ ಆ ಸಂಜೆ ತೋರಿಸಿದ್ದು ಬರೀ ದೊಡ್ಡತನ ಅಂದುಕೊಂಡರೆ ಅರ್ಧ ಮಾತ್ರ ಕಂಡಂತೆ. ದೋಷ ಹುಡುಕಿ ತೆಗೆಯೋ ಕೆಲಸ ಸಾಧ್ಯವಾಗುವ ವಾತಾವರಣ ಹುಟ್ಟಿದ್ದೇ ಅಲ್ಲಿಂದ ಅಂತ ನಾನು ನಂಬುತ್ತೇನೆ.

ಯಾವ ಆಫೀಸಿನಲ್ಲಾದರೂ ಇದರ ಉಲ್ಟಾ ನೋಡಬಹುದು. ಕೆಲಸ ಹಿಂದೆ ಬಿದ್ದಿದೆ, ಅದು ಕೆಳಗಿನ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನು ಹೇಳಿದಾಗ ಅದು 'ಸ್ವಲ್ಪ ತಡ' ಆಗುತ್ತದೆ. ಅವನ ಮೇಲಿನವರ ಬಾಯಲ್ಲಿ 'ನಡೀತಾ ಇದೆ'. ಅದರ ಮೇಲಿನವರ ಬಾಯಲ್ಲಿ 'ಎಲ್ಲಾ ಸರಿ ಇದೆ'. ಮೀಟಿಂಗ್‌ನ ಪರದೆ ಮೇಲೆ ಹಸಿರು ಬಣ್ಣ. ಇದರಲ್ಲಿ ಯಾರೂ ದುಷ್ಟರಲ್ಲ. ಹಿಂದೆ ಯಾರೋ ಒಬ್ಬರು ನಿಜ ಹೇಳಿ ಎಲ್ಲರೆದುರು ಬೈಸಿಕೊಂಡಿದ್ದನ್ನು ಎಲ್ಲರೂ ನೋಡಿದ್ದಾರೆ, ಅಷ್ಟೇ. ಮೇಲೆ ಕೂತವರು ಎಷ್ಟೇ ಬುದ್ಧಿವಂತರಾಗಿರಲಿ, ಅವರ ಕೈಗೆ ಬರುವ ಮಾಹಿತಿಯೇ ಸುಳ್ಳಾದರೆ ಆ ಬುದ್ಧಿ ತಪ್ಪು ಜಾಗದಲ್ಲಿ ಓಡುತ್ತದೆ. ಬುದ್ಧಿಗೂ ಗುಣಕ್ಕೂ ಸಂಬಂಧ ಇಲ್ಲ ಅನ್ನೋರು ಇದನ್ನು ಸ್ವಲ್ಪ ಯೋಚಿಸಬೇಕು.

1944ರ ಜೂನ್‌ನಲ್ಲಿ, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ಹಿಂದಿನ ದಿನ, ಆ ದಾಳಿಯ ಹೊಣೆ ಹೊತ್ತಿದ್ದ ಜನರಲ್ ಐಸೆನ್‌ಹೋವರ್ ಒಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡರು. ದಾಳಿ ಸೋತರೆ ಹೊರಡಿಸಬೇಕಾದ ಹೇಳಿಕೆ ಅದು. ಮೊದಲು ಅದರಲ್ಲಿ ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ ಅನ್ನುವ ಅರ್ಥದ ಮಾತಿತ್ತು. ಅದನ್ನು ಹೊಡೆದುಹಾಕಿ, ನಾನು ಪಡೆಗಳನ್ನು ಹಿಂದಕ್ಕೆ ಕರೆಸಿದ್ದೇನೆ ಅಂತ ತಿದ್ದಿದರು. ತಪ್ಪು ಏನಾದರೂ ಇದ್ದರೆ ಅದು ನನ್ನೊಬ್ಬನದು ಅಂತ ಮುಗಿಸಿದರು. ಆ ಚೀಟಿ ಬೇಕಾಗಲಿಲ್ಲ. ಆದರೆ ಯಾರೂ ನೋಡದಾಗ ಒಬ್ಬ ಮನುಷ್ಯ ತನ್ನನ್ನು ಎಲ್ಲಿ ನಿಲ್ಲಿಸಿಕೊಂಡ ಅನ್ನೋದು ಆ ಒಂದು ತಿದ್ದುಪಡಿಯಲ್ಲಿ ಕಾಣುತ್ತದೆ.

ಇನ್ನು ತಾಕತ್ತು ಇದ್ದರೆ ಸಾಕು ಅನ್ನುವವರಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ನಿಕ್ಸನ್‌ಗಿಂತ ದೊಡ್ಡ ಪಾಠ ಬೇಕಿಲ್ಲ. ಆ ಮನುಷ್ಯನ ಸಾಮರ್ಥ್ಯದ ಬಗ್ಗೆ ಅನುಮಾನವೇ ಇರಲಿಲ್ಲ. 1970ರಲ್ಲಿ ಪರಿಸರ ರಕ್ಷಣೆಗೆ ಪ್ರತ್ಯೇಕ ಸಂಸ್ಥೆ ಕಟ್ಟಿದ್ದು ಅವರ ಕಾಲದಲ್ಲೇ. 1972ರ ಫೆಬ್ರವರಿಯಲ್ಲಿ ಚೀನಾಕ್ಕೆ ಹೋಗಿ, ಎರಡು ದಶಕಗಳಿಂದ ಮುಚ್ಚಿದ್ದ ಬಾಗಿಲು ತೆಗೆಸಿದರು. ಅದೇ ವರ್ಷದ ಚುನಾವಣೆಯಲ್ಲಿ 50 ರಾಜ್ಯಗಳಲ್ಲಿ 49 ಗೆದ್ದರು. ಇಷ್ಟು ಸುಲಭವಾಗಿ ಗೆಲ್ಲಬಹುದಾಗಿದ್ದ ಚುನಾವಣೆಗಾಗಿ ಅವರ ಕಡೆಯವರು ಎದುರು ಪಕ್ಷದ ಕಚೇರಿಗೆ ನುಗ್ಗಿದರು. ನುಗ್ಗಿ ಸಿಕ್ಕಿಬಿದ್ದ ಆರೇ ದಿನಕ್ಕೆ, ತನಿಖೆಯನ್ನು ಹೇಗೆ ತಡೆಯೋದು ಅಂತ ನಿಕ್ಸನ್ ತಮ್ಮ ಕೋಣೆಯಲ್ಲಿ ಮಾತಾಡಿದ್ದು ಟೇಪಿನಲ್ಲಿ ದಾಖಲಾಯಿತು. 1974ರ ಆಗಸ್ಟ್ 9ಕ್ಕೆ ಕುರ್ಚಿ ಬಿಟ್ಟರು. ಬೇರೆ ಯಾವ ಕೊರತೆಯೂ ಅವರನ್ನು ಕೆಡವಲಿಲ್ಲ. ಎಲ್ಲರೂ ಶತ್ರುಗಳೇ ಅನ್ನುವ ಅನುಮಾನ, ಸಿಕ್ಕಿಬಿದ್ದಾಗ ಮುಚ್ಚಿಡುವ ಚಾಳಿ, ಇವೆರಡೇ ಸಾಕಾದವು.

ಈಗ ಅಂಟಾರ್ಕ್ಟಿಕಾ ಖಂಡವನ್ನು ದಾಟಲು ತಂಡ ಕಟ್ಟಿಕೊಂಡು ಹೊರಟಿದ್ದ ಶ್ಯಾಕಲ್‌ಟನ್. ಈ ಉದಾಹರಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇಲ್ಲಿ ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ಸಂಬಳ ಕಡಿತ ಇಲ್ಲ, ಮನುಷ್ಯ ಮಾತ್ರ ಉಳಿದಿದ್ದಾನೆ. 1915ರ ಜನವರಿಯಲ್ಲಿ ಎಂಡ್ಯೂರೆನ್ಸ್ ಹಡಗು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ನವೆಂಬರ್‌ನಲ್ಲಿ ಮುಳುಗಿತು. 28 ಜನ ಮಂಜಿನ ಮೇಲೆ, ಹೊರಗಿನ ಜಗತ್ತಿಗೆ ಅವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ. ಅಂಥ ಜಾಗದಲ್ಲಿ ನಾಯಕನ ಮಾತು ಯಾಕೆ ಕೇಳಬೇಕು? ಟೆಂಟು ಹಂಚುವಾಗ ಶ್ಯಾಕಲ್‌ಟನ್ ತಕರಾರು ಮಾಡುವ ಸ್ವಭಾವದವರನ್ನು ತಮ್ಮ ಟೆಂಟಿಗೇ ಹಾಕಿಕೊಂಡರು. ಆರಾಮಾಗಿ ಇರಬಹುದಾದವರನ್ನು ಬಿಟ್ಟು, ತಲೆನೋವನ್ನು ಪಕ್ಕದಲ್ಲಿ ಮಲಗಿಸಿಕೊಂಡರು. ದೋಣಿಗಳಲ್ಲಿ ಹೊರಟಾಗ ಛಾಯಾಗ್ರಾಹಕ ಹರ್ಲಿ ಕೈಗವಸು ಕಳೆದುಕೊಂಡಿದ್ದರು. ಶ್ಯಾಕಲ್‌ಟನ್ ತಮ್ಮದನ್ನು ಬಿಚ್ಚಿ ಕೊಟ್ಟರು. ಬೇಡ ಅಂದಾಗ, ತೆಗೆದುಕೊಳ್ಳದಿದ್ದರೆ ಸಮುದ್ರಕ್ಕೆ ಎಸೆಯುತ್ತೇನೆ ಅಂದರು. ಆ ಚಳಿಯಲ್ಲಿ ಅವರ ಬೆರಳು ಮರಗಟ್ಟಿತು. ಎಲಿಫೆಂಟ್ ದ್ವೀಪದಲ್ಲಿ 22 ಜನರನ್ನು ಬಿಟ್ಟು ಸಹಾಯ ತರಲು ಹೋದವರು, ಮೂರು ಸಲ ಮಂಜು ದಾರಿ ಕಟ್ಟಿದರೂ ಬಿಡದೆ, ನಾಲ್ಕನೇ ಸಲ 1916ರ ಆಗಸ್ಟ್ 30ರಂದು ಬಂದು ಎಲ್ಲರನ್ನೂ ಕರೆದುಕೊಂಡು ಹೋದರು. ಬರುತ್ತೇನೆ ಅಂದಿದ್ದರು, ಬಂದರು. ಆ 22 ಜನ ನಾಲ್ಕು ತಿಂಗಳು ತಲೆಕೆಳಗು ಮಾಡಿದ ಎರಡು ದೋಣಿಗಳ ಕೆಳಗೆ ಹುಚ್ಚು ಹಿಡಿಯದೆ ಬದುಕಿದ್ದಕ್ಕೆ, ಈ ಮನುಷ್ಯ ಹೇಳಿದ ಮೇಲೆ ಬಂದೇ ಬರುತ್ತಾನೆ ಅನ್ನುವ ನಂಬಿಕೆಯೂ ಒಂದು ದೊಡ್ಡ ಕಾರಣ. ಆ ನಂಬಿಕೆಯನ್ನು ಯಾವ ತರಬೇತಿ ಹುಟ್ಟಿಸುತ್ತದೆ ಹೇಳಿ?

ವ್ಯಾಪಾರದಲ್ಲೂ ಇದು ನಡೆಯುತ್ತದೆ. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಅನ್ನುವ ನೋವಿನ ಔಷಧದ ಕ್ಯಾಪ್ಸೂಲ್‌ಗಳಲ್ಲಿ ಸೈನೈಡ್ ತುಂಬಿಟ್ಟು ಏಳು ಜನ ಸತ್ತರು. ತಪ್ಪು ಕಂಪನಿಯದ್ದಲ್ಲ. ಆದರೂ ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಮುಖ್ಯಸ್ಥರಾಗಿದ್ದ ಜೇಮ್ಸ್ ಬರ್ಕ್ ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತರಿಸಿದರು. 10 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತು. ಗ್ರಾಹಕರು ಮೊದಲು ಅನ್ನುವ ಬರಹ ಆ ಕಂಪನಿಯಲ್ಲಿ 1943ರಿಂದಲೂ ಇತ್ತು ನಿಜ. ಅಂಥ ಬರಹ ಎಷ್ಟೋ ಕಂಪನಿಗಳ ಗೋಡೆ ಮೇಲೆ ಇದೆ. ಬರ್ಕ್ 1970ರ ದಶಕದಲ್ಲೇ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು, ಇದನ್ನು ನಂಬದಿದ್ದರೆ ಗೋಡೆಯಿಂದ ಕಿತ್ತುಹಾಕೋಣ ಅಂತ ಕೇಳಿದ್ದರು. ಸಮಯ ಬಂದಾಗ ಕೆಲಸ ಮಾಡಿದ್ದು ಹಾಗೆ ಕೇಳಿದ್ದ ಮನುಷ್ಯ.

ಮಂಡೇಲಾ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಒಂದೇ ವಿಷಯ ಹೇಳುತ್ತೇನೆ. 1985ರಲ್ಲಿ ಷರತ್ತು ಹಾಕಿ ಬಿಡುಗಡೆ ಮಾಡುತ್ತೇವೆ ಅಂದಾಗ ಅವರು ಒಪ್ಪಲಿಲ್ಲ, ಇನ್ನೂ ಐದು ವರ್ಷ ಒಳಗೇ ಉಳಿದರು. 1990ರ ನಂತರ ಅವರು ಶಾಂತಿಯ ಮಾತಾಡಿದಾಗ ತಮ್ಮ ಜನರಲ್ಲಿ ಹೆಚ್ಚಿನವರು ಅದನ್ನು ಹೆದರಿಕೆ ಅನ್ನಲಿಲ್ಲ, ಎದುರಿನವರಲ್ಲೂ ಹಲವರು ಅದನ್ನು ತಂತ್ರ ಅನ್ನಲಿಲ್ಲ. ಅದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ? ಮಾತು ಒಂದೇ ಆದರೂ ಆಡುವವರ ಹಿಂದಿನ ಬದುಕು ಅದರ ತೂಕ ತೀರ್ಮಾನಿಸುತ್ತದೆ.

ಲೆಕ್ಕ ಬರದಿದ್ದರೆ ಲೆಕ್ಕಿಗರನ್ನು ಇಟ್ಟುಕೊಳ್ಳಬಹುದು. ಕಾನೂನು ಗೊತ್ತಿಲ್ಲದಿದ್ದರೆ ವಕೀಲರು ಸಿಗುತ್ತಾರೆ. ಭಾಷಣ ಬರೆದುಕೊಡೋರು ಇದ್ದಾರೆ. ಸೋತ ದಿನ ಎದ್ದು ನಿಂತು 'ತಪ್ಪು ನನ್ನದು' ಅನ್ನೋದಕ್ಕೆ ಮಾತ್ರ ಬೇರೆಯವರನ್ನು ಕಳಿಸಲು ಬರಲ್ಲ. ಹಾಗಾಗಿ ಯಾರನ್ನು ಆರಿಸಬೇಕು ಅಂತ ಕೇಳಿದರೆ ನಾನು ಇದನ್ನೇ ಮೊದಲು ನೋಡುತ್ತೇನೆ.

ವಿರೋಧ: ಗುಣವನ್ನು ನಂಬಿ ಕೂರುವುದು ಅಪಾಯ

ಮೇಲಿನ ಕಥೆಗಳೆಲ್ಲ ನಿಜ, ನನಗೂ ಇಷ್ಟ. ಆದರೆ ಅವುಗಳನ್ನು ಯಾವಾಗ ಆರಿಸಿದ್ದೇವೆ ನೋಡಿ. ಗೆದ್ದ ಮೇಲೆ. ಎರಡನೇ ಎಸ್‌ಎಲ್‌ವಿ-3 ಕೂಡ ಸಮುದ್ರಕ್ಕೆ ಬಿದ್ದಿದ್ದರೆ ಧವನ್ ಅವರ ಅದೇ ನಡತೆಯನ್ನು ಮೆದುತನ ಅನ್ನುತ್ತಿದ್ದೆವು, ಸಡಿಲ ಆಡಳಿತ ಅನ್ನುತ್ತಿದ್ದೆವು. ಗುಣದಿಂದ ಗೆಲುವು ಬಂತು ಅಂತ ಹೇಳುವವರು ಎಷ್ಟೋ ಸಲ ಗೆಲುವನ್ನು ನೋಡಿ ಗುಣ ಹುಡುಕಿರುತ್ತಾರೆ.

ಶ್ಯಾಕಲ್‌ಟನ್ ಕಥೆಯಲ್ಲೇ ಒಂದು ಅರ್ಧ ಬಿಟ್ಟುಹೋಗಿದೆ. ಅದೇ ಯಾತ್ರೆಯ ಇನ್ನೊಂದು ತಂಡ ಅಂಟಾರ್ಕ್ಟಿಕಾದ ಆಚೆ ಬದಿಯಲ್ಲಿ, ರಾಸ್ ಸಮುದ್ರದ ಕಡೆ ಇತ್ತು. ಶ್ಯಾಕಲ್‌ಟನ್ ದಾಟಿ ಬರುವಾಗ ಬೇಕಾಗುತ್ತದೆ ಅಂತ ದಾರಿಯುದ್ದಕ್ಕೂ ಆಹಾರ ಇಟ್ಟು ಬರುವುದು ಅವರ ಕೆಲಸ. ಸರಿಯಾದ ಹಣ, ಸಿದ್ಧತೆ ಇಲ್ಲದೆ ಕಳಿಸಿದ ತಂಡ ಅದು. ಅವರು ಜೀವ ಒತ್ತೆಯಿಟ್ಟು ಆಹಾರ ಇಟ್ಟರು, ಅದನ್ನು ತಿನ್ನಲು ಯಾರೂ ಬರಲೇ ಇಲ್ಲ, ಮೂವರು ಸತ್ತರು. ಒಬ್ಬರೂ ಸಾಯಲಿಲ್ಲ ಅನ್ನುವ ಕಥೆ ಹೇಳುವಾಗ ಈ ಮೂವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಮಾತಿಗೆ ನಿಲ್ಲೋ ವಿಷಯ. ಮಂಜಿನ ಮೇಲೆ ಅಷ್ಟು ಭರವಸೆಯ ಮನುಷ್ಯ ಊರಿಗೆ ಬಂದಾಗ ವ್ಯವಹಾರಗಳಲ್ಲಿ ಮುಗ್ಗರಿಸಿದರು, ಮನೆಯವರನ್ನು ವರ್ಷಗಟ್ಟಲೆ ಬಿಟ್ಟಿದ್ದರು, 1922ರಲ್ಲಿ ತೀರಿಕೊಂಡಾಗ ಭಾರಿ ಸಾಲ ಉಳಿದಿತ್ತು. ಹಾಗಾದರೆ ಅವರ ಗುಣ ಯಾವುದು? ಟೆಂಟಿನದ್ದಾ, ಸಾಲದ್ದಾ? ಎರಡೂ ಅವರದ್ದೇ. ಜಾಗ ಬದಲಾದಾಗ ಮನುಷ್ಯ ಬದಲಾದರು.

ಇದು ಒಬ್ಬರ ವಿಷಯ ಅಲ್ಲ. 1920ರ ದಶಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನುವ ಇಬ್ಬರು ಸಾವಿರಾರು ಅಮೆರಿಕನ್ ಮಕ್ಕಳನ್ನು ಬೇರೆ ಬೇರೆ ಸಂದರ್ಭದಲ್ಲಿ ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಮೋಸ ಮಾಡಿದ ಮಗು ಆಟದಲ್ಲಿ ಮಾಡುತ್ತದೆ ಅಂತೇನೂ ಇರಲಿಲ್ಲ. ಒಂದು ಕಡೆಯ ಪ್ರಾಮಾಣಿಕತೆ ನೋಡಿ ಇನ್ನೊಂದು ಕಡೆಯದನ್ನು ಊಹಿಸೋದು ಕಷ್ಟವಾಯಿತು. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ ಕಥೆಯೇ. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಾ ಕೂತಿದ್ದ. ಹೊತ್ತಿದೆ, ನಿಧಾನಕ್ಕೆ ಹೋಗಿ ಅಂದಿದ್ದವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು. ತಡವಾಗಿದೆ, ಬೇಗ ಹೋಗಿ ಅಂದಿದ್ದವರಲ್ಲಿ ಶೇ. 10. ಅದೇ ಓದು, ಅದೇ ನಂಬಿಕೆಯ ಹುಡುಗರು. ವ್ಯತ್ಯಾಸ ಮಾಡಿದ್ದು ಕೈಗಡಿಯಾರ.

ಗುಣ ಇದೆ ಅಂತಲೇ ಇಟ್ಟುಕೊಳ್ಳೋಣ, ಅದನ್ನು ಮುಂಚೆಯೇ ಹೇಗೆ ಅಳೆಯುತ್ತೀರಿ? 1920ರಲ್ಲಿ ಥಾರ್ನ್‌ಡೈಕ್ ಅನ್ನುವ ಮನೋವಿಜ್ಞಾನಿ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ಗುಣ, ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಜಾಸ್ತಿ ಕೊಟ್ಟವರು ಎಲ್ಲದರಲ್ಲೂ ಜಾಸ್ತಿ ಕೊಟ್ಟಿದ್ದರು. ಅಂದರೆ ನೋಡಲು ಗಟ್ಟಿಮುಟ್ಟಾಗಿ ಕಂಡವರ ಗುಣವೂ ಒಳ್ಳೆಯದಾಗಿಬಿಟ್ಟಿತು. ದಿನಾ ಜೊತೆಗಿದ್ದು ನೋಡುವ ಅಧಿಕಾರಿಗಳ ಕತೆಯೇ ಇದು. ದೂರದಿಂದ ಭಾಷಣ, ಫೋಟೋ, ವಿಡಿಯೋ ನೋಡಿ ಓಟು ಹಾಕುವ ನಮ್ಮ ಕತೆ ಏನು? ಸರಳತೆ, ವಿನಯ, ತ್ಯಾಗ ಇವೆಲ್ಲ ಇವತ್ತು ಕ್ಯಾಮೆರಾ ಮುಂದೆ ತಯಾರಾಗುತ್ತವೆ. ಗುಣವೇ ಮೊದಲು ಅಂತ ನಾವು ಪಟ್ಟು ಹಿಡಿದಷ್ಟೂ ಅದನ್ನು ಚೆನ್ನಾಗಿ ನಟಿಸುವವರಿಗೆ ಲಾಭ.

ನಿಜವಾಗಿಯೂ ಶುದ್ಧರಾಗಿದ್ದವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಫ್ರಾನ್ಸಿನ ಕ್ರಾಂತಿಯ ರೋಬೆಸ್ಪಿಯರ್ ಅವರನ್ನು ಜನ ಭ್ರಷ್ಟನಾಗದವನು ಅಂತಲೇ ಕರೆಯುತ್ತಿದ್ದರು. ಹಣ ಮುಟ್ಟಲಿಲ್ಲ, ಒಬ್ಬ ಬಡಗಿಯ ಮನೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಅವರೂ ಮುಂಚೂಣಿಯಲ್ಲಿದ್ದ ಆ ಭಯದ ಆಳ್ವಿಕೆಯಲ್ಲಿ ಶಿಕ್ಷೆ ವಿಧಿಸಿ ಕೊಂದವರೇ ಸುಮಾರು 17 ಸಾವಿರ. 1794ರ ಜೂನ್‌ನಲ್ಲಿ ತಂದ ಕಾನೂನಿನಲ್ಲಿ ಆರೋಪಿಗೆ ವಕೀಲರೂ ಇಲ್ಲವಾಯಿತು. ಅದಾದ ಕೆಲವೇ ವಾರಗಳಿಗೆ ಅವರ ತಲೆಯೂ ಉರುಳಿತು. ತನ್ನ ಶುದ್ಧತೆಯ ಬಗ್ಗೆ ಅನುಮಾನವೇ ಇಲ್ಲದವರಿಗೆ ತನ್ನ ವಿರುದ್ಧ ಮಾತಾಡುವವರೆಲ್ಲ ಅಶುದ್ಧರಾಗಿ ಕಾಣುತ್ತಾರೆ. ಲಂಚ ತಿನ್ನುವವರಿಗಾದರೂ ಸಿಕ್ಕಿಬೀಳುವ ಭಯ ಇರುತ್ತದೆ.

ಇನ್ನೊಂದು ತುದಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್. ಸಹಾಯಕರನ್ನು ಅವಮಾನ ಮಾಡುತ್ತಿದ್ದರು, ಹೆದರಿಸಿ ಬೆದರಿಸಿ ಕೆಲಸ ಮಾಡಿಸುತ್ತಿದ್ದರು. 1948ರಲ್ಲಿ ಸೆನೆಟ್‌ಗೆ ಪಕ್ಷದ ಟಿಕೆಟ್ ಗೆದ್ದದ್ದು 87 ಮತಗಳಿಂದ, ಅದರಲ್ಲೂ ಕಳ್ಳ ಮತದ ಆರೋಪ. ಗುಣ ನೋಡಿ ಆರಿಸುವುದಾದರೆ ಈ ಮನುಷ್ಯನನ್ನು ಬಾಗಿಲಲ್ಲೇ ನಿಲ್ಲಿಸಬೇಕಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕುಗಳ ಕಾಯ್ದೆ ಎರಡನ್ನೂ ಪಾಸು ಮಾಡಿಸಿದ್ದು ಇದೇ ಮನುಷ್ಯ. ಯಾವ ಸದಸ್ಯನನ್ನು ಎಲ್ಲಿ ಹಿಂಡಿದರೆ ಓಟು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಅದೇ ಗುಣ ಮುಳುಗಿಸಿತಲ್ಲ ಅಂತ ಪರದವರು ಹೇಳಬಹುದು, ಅದು ಗಟ್ಟಿ ಮಾತು, ನಾನು ತಳ್ಳಿಹಾಕಲ್ಲ. ಆದರೆ ಆ ಎರಡು ಕಾಯ್ದೆಗಳಿಂದ ಓಟು ಸಿಕ್ಕ ಕಪ್ಪು ಜನರ ಮುಂದೆ ನಿಂತು, ಇನ್ನೂ ಒಳ್ಳೆಯ ಮನುಷ್ಯ ಬರುವವರೆಗೆ ಕಾಯಬೇಕಿತ್ತು ಅನ್ನಲು ನನಗೆ ಬಾಯಿ ಬರಲ್ಲ.

ಹೊಣೆ ಹೊರುವ ವಿಷಯಕ್ಕೆ ಬರೋಣ. 1956ರ ನವೆಂಬರ್‌ನಲ್ಲಿ ಅರಿಯಲೂರಿನ ಹತ್ತಿರ ಪ್ರವಾಹದಿಂದ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಇವತ್ತಿಗೂ ಅವರ ಹೆಸರು ಹೇಳಿದರೆ ತಲೆ ಬಾಗುತ್ತದೆ, ಬಾಗಬೇಕು. ಆದರೆ ಅದರಿಂದ ಒಂದು ಸೇತುವೆಯೂ ಗಟ್ಟಿಯಾಗಲ್ಲ. ನೀರು ಏರಿದಾಗ ಯಾರು ನೋಡಬೇಕು, ಯಾರಿಗೆ ಹೇಳಬೇಕು, ರೈಲು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಅನ್ನುವುದು ರೈಲು ಹತ್ತುವವನ ಜೀವ ಉಳಿಸುತ್ತದೆ. ಒಬ್ಬ ಒಳ್ಳೆಯ ಮಂತ್ರಿ ಹೋದ ಮೇಲೆ ಜನರ ಮನಸ್ಸು ತಣ್ಣಗಾಗುತ್ತದೆ, ಆ ಪ್ರಶ್ನೆಗಳು ಬದಿಗೆ ಸರಿಯುತ್ತವೆ. ಅಪಘಾತವಾದಾಗಲೆಲ್ಲ ರಾಜೀನಾಮೆ ಯಾವಾಗ ಅಂತ ಮಾತ್ರ ಕೇಳುವುದು ನಮಗೆ ಅಭ್ಯಾಸವಾಗಿದೆ, ಇದು ನನ್ನನ್ನು ತುಂಬಾ ಚುಚ್ಚುತ್ತದೆ.

ನಿಕ್ಸನ್ ಉದಾಹರಣೆಯೂ ಪರದವರು ಅಂದುಕೊಂಡದ್ದನ್ನು ತೋರಿಸಲ್ಲ. ಅವರನ್ನು ಇಳಿಸಿದ್ದು ಯಾರ ಗುಣವೂ ಅಲ್ಲ. 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ 8–0 ತೀರ್ಪು ಕೊಟ್ಟು ಟೇಪು ಒಪ್ಪಿಸಿ ಅಂದಿತು. ಆ ಎಂಟರಲ್ಲಿ ಮೂವರನ್ನು ನೇಮಿಸಿದ್ದು ನಿಕ್ಸನ್ನೇ. ಕೆಟ್ಟ ಗುಣದವರು ಮೇಲೇರುವುದನ್ನು 49 ರಾಜ್ಯಗಳ ಮತದಾರರು ತಡೆಯಲಿಲ್ಲ. ಏರಿದ ಮೇಲೆ ಇಳಿಸುವ ಏಣಿ ಇತ್ತು, ಅದಕ್ಕೆ ದೇಶ ಉಳಿಯಿತು.

ಇಲ್ಲಿಂದ ವಿಮಾನದ ಕಾಕ್‌ಪಿಟ್‌ಗೆ ಹೋಗಬೇಕು, ಏಕೆಂದರೆ ಈ ಚರ್ಚೆಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. 1977ರ ಮಾರ್ಚ್ 27. ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣ, ಎದುರಿನದ್ದು ಕಾಣದಷ್ಟು ಮಂಜು, ಒಂದೇ ರನ್‌ವೇ ಮೇಲೆ ಎರಡು 747 ವಿಮಾನಗಳು, ಒಂದು ಕೆಎಲ್‌ಎಂ ಕಂಪನಿಯದು, ಇನ್ನೊಂದು ಪ್ಯಾನ್ ಆಮ್ ಕಂಪನಿಯದು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ. ಕಂಪನಿಯಲ್ಲಿ 747 ಪೈಲಟ್‌ಗಳ ತರಬೇತಿಯ ಮುಖ್ಯಸ್ಥರು, ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೋ. ಕೆಲಸದ ಅವಧಿ ಮುಗಿಯುವ ಮುಂಚೆ ಹೊರಡುವ ಒತ್ತಡವೂ ಇತ್ತು. ಟೇಕಾಫ್‌ಗೆ ಅನುಮತಿ ಇನ್ನೂ ಬಂದಿರಲಿಲ್ಲ. ವಿಮಾನ ಓಡಲು ಶುರುವಾದಾಗ ಫ್ಲೈಟ್ ಎಂಜಿನಿಯರ್ ರೇಡಿಯೋದಲ್ಲಿ ಏನೋ ಕೇಳಿಸಿಕೊಂಡು, ಆ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದರು. ಕ್ಯಾಪ್ಟನ್ ಒತ್ತಿ ಹೇಳಿದರು, ಬಿಟ್ಟಿದೆ. ಎಂಜಿನಿಯರ್ ಸುಮ್ಮನಾದರು. ಕೆಲವೇ ಕ್ಷಣಗಳಲ್ಲಿ ಎರಡೂ ಡಿಕ್ಕಿ ಹೊಡೆದು 583 ಜನ ಸತ್ತರು.

ಕ್ಯಾಪ್ಟನ್ ಕೆಟ್ಟವರಾಗಿದ್ದರಾ? ಇಲ್ಲ. ಎಲ್ಲರೂ ಗೌರವಿಸುತ್ತಿದ್ದ ಮನುಷ್ಯ. ತೊಂದರೆ ಆ ಗೌರವದಲ್ಲೂ ಇತ್ತು. ಇಷ್ಟು ದೊಡ್ಡವರು ಹೇಳಿದ ಮೇಲೆ ಸರಿಯೇ ಇರಬೇಕು ಅಂತ ಪಕ್ಕದವರು ನುಂಗಿಕೊಂಡರು. ವಿಮಾನ ಲೋಕ ಆಮೇಲೆ ಏನು ಮಾಡಿತು ನೋಡಿ. ಇನ್ನೂ ಒಳ್ಳೆಯ ಕ್ಯಾಪ್ಟನ್‌ಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಮಾತಾಡುವ ರೀತಿಯನ್ನೇ ಕೆಲಸದ ಭಾಗ ಮಾಡಿತು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ಇದರ ತರಬೇತಿ ಶುರುಮಾಡಿತು. ಕಿರಿಯರಿಗೆ ಅನುಮಾನ ಬಂದರೆ ಹೇಗೆ ಹೇಳಬೇಕು, ಕೇಳಿಸಿಕೊಳ್ಳದಿದ್ದರೆ ಮತ್ತೆ ಹೇಗೆ ಹೇಳಬೇಕು, ಹಿರಿಯರು ಕೇಳಿಸಿಕೊಳ್ಳೋದು ಹೇಗೆ, ಇದನ್ನೆಲ್ಲ ಪಾಠ ಮಾಡಿ, ಅಭ್ಯಾಸ ಮಾಡಿಸಿ, ಪರೀಕ್ಷೆ ಮಾಡುವುದು ರೂಢಿಗೆ ಬಂತು. ಕಹಿ ಸುದ್ದಿ ಕೇಳಿಸಿಕೊಳ್ಳುವ ತಾಳ್ಮೆ ಅಂತ ಪರದವರು ಗುಣದ ಪಟ್ಟಿಗೆ ಸೇರಿಸಿದರಲ್ಲ, ಅದನ್ನು ಇಲ್ಲಿ ಡ್ಯೂಟಿ ಮಾಡಿದರು.

1989ರ ಜುಲೈ 19ರಂದು ಯುನೈಟೆಡ್ 232 ಹಾರಾಟದಲ್ಲಿ ಬಾಲದ ಎಂಜಿನ್ ಒಡೆದು ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋಯಿತು. ವಿಮಾನ ತಿರುಗಿಸಲು, ಏರಿಸಲು, ಇಳಿಸಲು ಬೇಕಾದ ಯಾವುದೂ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಅಂತ ಬರೆದಿಟ್ಟ ವಿಧಾನವೇ ಇರಲಿಲ್ಲ. ಪ್ರಯಾಣಿಕರ ನಡುವೆ ಅದೇ ಮಾದರಿಯ ವಿಮಾನದ ತರಬೇತುದಾರ ಒಬ್ಬರಿದ್ದರು. ಕ್ಯಾಪ್ಟನ್ ಆಲ್ ಹೇನ್ಸ್ ಅವರನ್ನು ಒಳಗೆ ಕರೆಸಿ, ಉಳಿದ ಎರಡು ಎಂಜಿನ್‌ಗಳ ಥ್ರಾಟಲ್ ಅವರ ಕೈಗೆ ಕೊಟ್ಟರು. ನಾಲ್ವರೂ ಮಾತಾಡುತ್ತಾ, ಒಬ್ಬರನ್ನೊಬ್ಬರು ಕೇಳುತ್ತಾ, ಎಡಕ್ಕೆ ಒಂದಿಷ್ಟು ಬಲಕ್ಕೆ ಒಂದಿಷ್ಟು ಅಂತ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುತ್ತಾ ಸೂ ಸಿಟಿಯ ರನ್‌ವೇವರೆಗೆ ತಂದರು. ವಿಮಾನ ಇಳಿಯುವಾಗ ಮುರಿದು ಹೊತ್ತಿಕೊಂಡರೂ 296 ಜನರಲ್ಲಿ 184 ಮಂದಿ ಉಳಿದರು.

ಹೇನ್ಸ್ ಇದರ ಬಗ್ಗೆ ವರ್ಷಗಟ್ಟಲೆ ಮಾತಾಡಿದರು. ಹಿಂದೆಲ್ಲ ಕ್ಯಾಪ್ಟನ್ ಹೇಳಿದ್ದೇ ಅಂತಿಮ ಅಂತ ನಡೆಯುತ್ತಿತ್ತು, ಆ ತರಬೇತಿ ಇಲ್ಲದಿದ್ದರೆ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ ಅನ್ನುವುದು ಅವರ ಮಾತಿನ ಸಾರ. ನೋಡಿ, ಹೀಗೆ ಹೇಳುವ ವಿನಯವೇ ಅವರ ಗುಣ ಅಂತ ಪರದವರು ಅನ್ನುತ್ತಾರೆ. ಇರಬಹುದು. ಹೇನ್ಸ್ ಒಳ್ಳೆಯ ಮನುಷ್ಯರೇ ಇರಬೇಕು. ಆದರೆ ವಿಮಾನ ಹತ್ತುವಾಗ ಕ್ಯಾಪ್ಟನ್ ಎಂಥವರು ಅಂತ ಯಾರೂ ವಿಚಾರಿಸಿ ಹತ್ತಲ್ಲ, ಹತ್ತಬೇಕಾಗಿಯೂ ಇಲ್ಲ. ಅಲ್ಲಿ ಕೂತವರು ಸಿಡುಕರಾಗಿದ್ದರೂ, ಅಹಂಕಾರಿಯಾಗಿದ್ದರೂ, ಪಕ್ಕದ ಕಿರಿಯ ಪೈಲಟ್‌ಗೆ ತಪ್ಪಾಗುತ್ತಿದೆ ಅಂತ ಹೇಳುವ ಹಕ್ಕಿದೆ, ಹೇಳಬೇಕಾದ ಹೊಣೆಯೂ ಇದೆ. ಮಂತ್ರಿಯ ಪಕ್ಕದ ಅಧಿಕಾರಿಗೆ, ಕಂಪನಿ ಮುಖ್ಯಸ್ಥರ ಎದುರು ಕೂತ ಲೆಕ್ಕಿಗರಿಗೆ, ಆಪರೇಷನ್ ಮಾಡುವ ಸರ್ಜನ್ ಪಕ್ಕದ ನರ್ಸ್‌ಗೆ ಈ ಹಕ್ಕು ಕಾಗದದ ಮೇಲೆ ಇದೆಯಾ, ಬಳಸಿದವರು ಕೆಲಸ ಉಳಿಸಿಕೊಂಡಿದ್ದಾರಾ ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ಮೇಲೆ ಕೂತವರ ಗುಣದ ಮಾತು ಆಮೇಲೆ.